ಭೂತಗನ್ನಡಿ ಆಫೀಸಿನ ಜೇಡದ ಎಳೆ

ಹೋದ ತಿಂಗಳು ನನ್ನ ಮೊಮ್ಮಗಳು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿಕೊಟ್ಟಳು. ಯಾಕಾದರೂ ಕಲಿಸಿದೆನೋ ಎಂದು ಈಗ ಹಣೆ ಚಚ್ಚಿಕೊಳ್ಳುತ್ತಿದ್ದಾಳೆ. ಫೋನು ಅವಳದು, ಅದು ಇರುವುದು ಮಾತ್ರ ನನ್ನ ಕೈಯಲ್ಲಿ. ಅವಳ ಗೆಳತಿ ರೇಣುಕಾಗೆ ಸೈದಾಪುರದ ಹತ್ತಿರ ಮಸೂರ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸ ಸಿಕ್ಕಿದೆ. ಮೊನ್ನೆ ಬಂದು, "ಅಜ್ಜಿ, ನೀವೂ ಇದೇ ಲೈನಿನಾಗ ಇದ್ರಂತ. ನನಗೂ ಏನರೆ ಹೇಳ್ರಿ" ಅಂದಳು. ಬಾಯಲ್ಲಿ ಹೇಳಿದರೆ ಈ ಹುಡುಗಿಯರು ಅರ್ಧ ಕೇಳಿ ಎದ್ದು ಹೋಗುತ್ತಾರೆ. ಅದಕ್ಕೇ ಒಂದೇ ಬೆರಳಿನಲ್ಲಿ ಇದನ್ನೆಲ್ಲ ಬರೆಯುತ್ತಿದ್ದೇನೆ.

ಬಡ್ತಿ ಯಾವಾಗ ಸಿಕ್ಕಿತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಡುತ್ತೇನೆ. ಆ ಶಾಲನ್ನು ಈಗ ಇಸ್ತ್ರಿ ಮಾಡುವ ಟೇಬಲ್ಲಿಗೆ ಹಾಸಿದ್ದೇವೆ.

ಶಹಾಪುರದ ಸುತ್ತ ಕಾಲುವೆ ಅಗೆಯುತ್ತಿದ್ದ ಕಾಲ ಅದು. ಊರ ತುಂಬ ಜೀಪು, ಸಿಮೆಂಟು, ಮೂಗಿನ ತುಂಬ ಕೆಂಪು ಮಣ್ಣು. ಊರ ಹೊರಗೆ ಎರಡು ಕೋಣೆ, ಒಂದು ವರಾಂಡ ಇದ್ದ ಕಲ್ಲಿನ ಕಟ್ಟಡದಲ್ಲಿ ನಮ್ಮ ಸಂಶೋಧನಾ ಕೇಂದ್ರ ಇತ್ತು. ಬೋರ್ಡಿನ ಮೇಲೆ ದೃಗುಪಕರಣ ಎಂದು ಏನೇನೋ ಉದ್ದಕ್ಕೆ ಬರೆದಿತ್ತು. ಅದನ್ನು ಓದುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತಿತ್ತು. ಹಾಗಾಗಿ ಜನ ಅದಕ್ಕೆ ಭೂತಗನ್ನಡಿ ಆಫೀಸು ಎಂದು ಹೆಸರಿಟ್ಟಿದ್ದರು. ಅಲ್ಲಿ ನಡೆಯುತ್ತಿದ್ದುದು ಎರಡೇ ಕೆಲಸ. ಯಾದಗಿರಿ, ಗುರುಮಠಕಲ್ ಕಡೆಯ ಸಣ್ಣ ಕನ್ನಡಕದ ಕಾರ್ಖಾನೆಯವರಿಗೆ ಗಾಜು ಉಜ್ಜುವುದನ್ನೂ ಪರೀಕ್ಷಿಸುವುದನ್ನೂ ಕಲಿಸುವುದು ಒಂದು. ಕಾಲುವೆ ಇಲಾಖೆಯ ದುರ್ಬೀನು ಯಂತ್ರಗಳನ್ನು ರಿಪೇರಿ ಮಾಡಿ, ತಪಾಸಿಸಿ, ಮುದ್ರೆ ಒತ್ತಿ ಕಳಿಸುವುದು ಇನ್ನೊಂದು.

ನಮ್ಮ ಡೈರೆಕ್ಟರು ಮೈಸೂರು ಕಡೆಯವರು. ಸಂದರ್ಶನದ ದಿನ ಮೇಜಿನ ಮೇಲೆ ಒಂದು ಸೂಜಿ, ಒಂದು ತಲೆಗೂದಲು ಇಟ್ಟು, "ಏರಿಸಿ ನೋಡೋಣಮ್ಮ" ಅಂದರು. ನಾನು ಕೌದಿ ಹೊಲಿದು ಬೆಳೆದವಳು. ಒಂದೇ ಸಲಕ್ಕೆ ಏರಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಯಾವತ್ತಾದರೂ ಕಣ್ಣು ಪರೀಕ್ಷೆ ಮಾಡಿಸಿದ್ದೀರಾ?"

"ಇಲ್ರಿ. ಯಾಕ್ರಿ ಸರ್?"

"ಮಾಡಿಸಬೇಡಿ. ಡಾಕ್ಟರಿಗೆ ಹೊಟ್ಟೆಕಿಚ್ಚಾಗುತ್ತೆ. ನಾಳೆಯಿಂದ ಬನ್ನಿ."

ಹೀಗೆ ದಿನಗೂಲಿಯ ಮೇಲೆ ಸೇರಿದೆ. ಕೆಲಸ ಗಾಜು ಒರೆಸುವುದು. ಒರೆಸುವುದರಲ್ಲಿ ಏನಿದೆ ಎಂದುಕೊಂಡಿದ್ದೆ. ವಾರದೊಳಗೆ ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಯಾದಗಿರಿಯಿಂದ ಬಸಣ್ಣ ಎಂಬ ಕನ್ನಡಕದ ವ್ಯಾಪಾರಿ ತಾವೇ ಉಜ್ಜಿದ ಮಸೂರ ತಂದಿದ್ದರು. ಡೈರೆಕ್ಟರು ಅದನ್ನು ನಮ್ಮ ಮಾದರಿ ಗಾಜಿನ ಮೇಲೆ ಮೆಲ್ಲಗೆ ಕೂರಿಸಿ, ಹಳದಿ ದೀಪ ಹಚ್ಚಿದರು. ಎರಡು ಗಾಜುಗಳ ನಡುವೆ ಒಂದರೊಳಗೊಂದು ಬಳೆಗಳು ಎದ್ದವು, ಕೆರೆಗೆ ಕಲ್ಲು ಒಗೆದಂತೆ. ಯಾರೂ ಬರೆದದ್ದಲ್ಲ, ಬೆಳಕು ತಾನೇ ಬರೆದದ್ದು. ಬಳೆ ದುಂಡಗಿದ್ದರೆ ಮಸೂರ ಸರಿ, ಎಲ್ಲಾದರೂ ಚಪ್ಪಟೆಯಾದರೆ ಅಲ್ಲಿ ತಪ್ಪು. ಎಷ್ಟು ತಪ್ಪು ಎಂದು ಕೇಳಿದೆ. ಒಂದು ಕೂದಲನ್ನು ಉದ್ದಕ್ಕೆ ಇನ್ನೂರು ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟು ಎಂದರು. ಬಸಣ್ಣ ನಂಬಲಿಲ್ಲ. ಡೈರೆಕ್ಟರು ಅವರ ಹೆಬ್ಬೆರಳನ್ನು ಹಿಡಿದು ಗಾಜಿನ ಅಂಚಿಗೆ ಮುಟ್ಟಿಸಿದರು. ಬೆರಳಿನ ಬಿಸಿಗೆ ಗಾಜು ಉಬ್ಬಿ, ಅಷ್ಟೂ ಬಳೆಗಳು ಸೊಟ್ಟಗಾದವು. ಬೆರಳು ತೆಗೆದ ಮೇಲೆ ನಿಧಾನಕ್ಕೆ ಮತ್ತೆ ದುಂಡಗಾದವು.

"ಯಪ್ಪಾ, ಇದು ಉಸಿರಾಡ್ತದ!" ಎಂದು ಬಸಣ್ಣ ಕೈ ಹಿಂದಕ್ಕೆ ಎಳೆದುಕೊಂಡರು. "ಇಷ್ಟು ವರ್ಷ ನಾ ಏನು ಉಜ್ಜಾಕತ್ತಿದ್ದೆ ಮತ್ತ?"

"ಮಂದಿ ಕಣ್ಣು ಉಜ್ಜಾಕತ್ತಿದ್ರಿ" ಅಂದೆ. ಹೊಸಬಳ ಬಾಯಿ ಜೋರಾಯಿತೆಂದು ಡೈರೆಕ್ಟರು ಗದರಿದರು. ಬಸಣ್ಣ ಮಾತ್ರ ನಕ್ಕರು, ಆಮೇಲೆ ತಿಂಗಳಿಗೊಮ್ಮೆ ತಪ್ಪದೆ ಬಂದರು.

ಆದರೆ ನನ್ನ ನಿಜವಾದ ಕೆಲಸ ಶುರುವಾದದ್ದು ಉಸ್ತಾದರ ಕೈಕೆಳಗೆ. ಮಹಬೂಬ್ ಮಿಯಾ ಸುರಪುರದವರು. ಹುಡುಗರಿದ್ದಾಗ ಹೈದರಾಬಾದಿಗೆ ಹೋಗಿ ಯಂತ್ರದ ರಿಪೇರಿ ಕಲಿತು ಬಂದವರು. ಕಾಲುವೆಯವರ ಲೆವೆಲ್ ಯಂತ್ರ ಅವರ ಪಾಲಿನದು. ಅದು ಮೂರು ಕಾಲಿನ ಮೇಲೆ ಅಡ್ಡ ಮಲಗಿದ ದುರ್ಬೀನು. ದೂರದಲ್ಲಿ ಒಬ್ಬ ಅಂಕಿ ಬರೆದ ಉದ್ದನೆಯ ಪಟ್ಟಿ ಹಿಡಿದು ನಿಲ್ಲುತ್ತಾನೆ. ದುರ್ಬೀನಿನೊಳಗೆ ಅಡ್ಡಕ್ಕೆ ಒಂದು ಕಪ್ಪು ಗೆರೆ ಕಾಣುತ್ತದೆ. ಆ ಗೆರೆ ಪಟ್ಟಿಯ ಯಾವ ಅಂಕಿಯನ್ನು ಮುಟ್ಟುತ್ತದೋ ಅದರಿಂದ ನೆಲದ ಏರಿಳಿತ ಗೊತ್ತಾಗುತ್ತದೆ. ನಮ್ಮ ಕಾಲುವೆಗೆ ಮೈಲಿಗೆ ಒಂದು ಮೊಳದಷ್ಟೇ ಇಳಿಜಾರು. ಕಣ್ಣಿಗೆ ನೆಲ ಮಟ್ಟಸ. ಆ ಒಂದು ಮೊಳವನ್ನು ಹುಡುಕಿಕೊಡುವುದು ಆ ಗೆರೆ.

ಆ ಗೆರೆ ಏನು ಗೊತ್ತೇ ರೇಣುಕಾ? ಜೇಡದ ಎಳೆ.

ನಾನೂ ಚೇಷ್ಟೆ ಎಂದುಕೊಂಡೆ. ಉಸ್ತಾದರು ನನ್ನನ್ನು ವನದುರ್ಗದ ಕೋಟೆಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ಕಲ್ಲಿನ ಸಂದಿಯಿಂದ ಜೇಡ ಹಿಡಿದು ಡಬ್ಬಿಗೆ ಹಾಕಿಸಿದರು. ಆಫೀಸಿಗೆ ಬಂದು ಕವಲುಕಡ್ಡಿಯ ತುದಿಗೆ ಜೇಡವನ್ನು ಬಿಟ್ಟು, ಕಡ್ಡಿಯನ್ನು ತುಸು ಅಲುಗಿಸಿದರು. ಜೇಡ ಗಾಬರಿಯಾಗಿ ಎಳೆ ಬಿಡುತ್ತ ಕೆಳಗಿಳಿಯಿತು. ಉಸ್ತಾದರು ಕಡ್ಡಿ ತಿರುಗಿಸುತ್ತ ಎಳೆಯನ್ನು ಸುತ್ತಿಕೊಂಡರು.

"ಹೊಸ ಸೀರಿ ನೇಯ್ಯಾಕತ್ತೀರೇನ್ರಿ ಉಸ್ತಾದ್?"

"ಬೇಟಿ, ಇದಕ್ಕಿಂತ ಸಣ್ಣ ನೂಲು ಯಾವ ನೇಕಾರನ ಮನ್ಯಾಗೂ ಇಲ್ಲ. ಮನುಷ್ಯಾನ ಕೂದಲಾ ಇಟ್ಟರ ಪಟ್ಟಿ ಮ್ಯಾಲಿನ ಅಂಕಿನೇ ಮುಚ್ಚಿ ಹೋಗ್ತದ. ನಗಬ್ಯಾಡ, ಉಸಿರು ಹಿಡಿ. ನಿನ್ನ ನಗೀಗೆ ಹರೀತದ."

ಹಿತ್ತಾಳೆಯ ಉಂಗುರ, ಅದರ ಮೇಲೆ ಎದುರುಬದುರು ಎರಡು ಸಣ್ಣ ಗೀರು. ಎಳೆಯನ್ನು ಆ ಗೀರಿನಲ್ಲಿ ಕೂರಿಸಿ ಎರಡೂ ತುದಿಗೆ ಅರಗಿನ ಚುಕ್ಕೆ ಇಡಬೇಕು. ಮೊದಲ ತಿಂಗಳು ನಾನು ಹರಿದ ಎಳೆಗಳಿಗೆ ಲೆಕ್ಕವಿಲ್ಲ. ಕೊನೆಗೊಂದು ನಿಂತಿತು. ಉಂಗುರವನ್ನು ದುರ್ಬೀನಿಗೆ ಹಾಕಿ ನೋಡಿದರೆ ದೂರದ ಬೆಟ್ಟ ತಲೆಕೆಳಗಾಗಿ ಜೋತುಬಿದ್ದಿತ್ತು. ಆ ಯಂತ್ರದಲ್ಲಿ ಎಲ್ಲವೂ ತಲೆಕೆಳಗೇ. ಬೆಟ್ಟಕ್ಕೆ ಅಡ್ಡವಾಗಿ ನನ್ನ ಎಳೆ ಇತ್ತು. ಹುಳವೊಂದು ಹೊಟ್ಟೆಯಿಂದ ತೆಗೆದ ನೂಲು ಬೆಟ್ಟವನ್ನು ಅಳೆಯುತ್ತಿತ್ತು. ಆವತ್ತು ಮನೆಗೆ ಹೋಗಿ ಮೂಲೆಯ ಬಲೆ ಗುಡಿಸಲು ನನಗೆ ಕೈ ಬರಲಿಲ್ಲ.

ಉಸ್ತಾದರ ಒಂದೇ ಒಂದು ಅಭ್ಯಾಸ ನನಗೆ ಸಿಟ್ಟು ತರಿಸುತ್ತಿತ್ತು. ಎಳೆ ಹಾಕುವಾಗೆಲ್ಲ ಪಕ್ಕದಲ್ಲಿ ಕುದಿಕುದಿಯುವ ಚಹಾ ಬೇಕು. ಅದನ್ನು ರಸ್ತೆಯ ಆಚೆಯ ಹೋಟೆಲಿನಿಂದ ತರುವವಳು ನಾನು. ತಂದರೆ ತಕ್ಷಣ ಕುಡಿಯುತ್ತಿರಲಿಲ್ಲ. ಎಳೆಯ ಕಡ್ಡಿಯನ್ನು ಗ್ಲಾಸಿನ ಮೇಲೆ ಹಿಡಿದು, ಒಂದಿಷ್ಟು ಹೊತ್ತು ಸುಮ್ಮನೆ ಕೂತು, ಕೆಲಸ ಮುಗಿದ ಮೇಲೆ ಆರಿದ ಚಹಾ ಕುಡಿಯುತ್ತಿದ್ದರು. ಮುದುಕರ ಖಯಾಲಿ ಎಂದುಕೊಂಡಿದ್ದೆ.

ಅವರು ನಿವೃತ್ತರಾದ ಮೇಲೆ ಆ ಮೇಜು ನನ್ನದಾಯಿತು. ನನ್ನನ್ನು ಕಾಯಂ ಮಾಡುವ ಫೈಲೂ ಹೊರಟಿತ್ತು. ಡೈರೆಕ್ಟರು ಆಗ ಕೋಣೆಯಲ್ಲಿ ಧೂಳು ಇರಬಾರದೆಂದು ಹಟ ಹಿಡಿದಿದ್ದರು. ನಾನು ಒಳ್ಳೆಯವಳ ಮುಖ ಮಾಡಿಕೊಂಡು, "ಸರ್, ಧೂಳಿಗಿಂತ ಚಹಾದ್ದ ಕಾಟ ಹೆಚ್ಚಾಗ್ಯದ. ಇರಿವಿ ಬರ್ತಾವ, ಕಲಿ ಬೀಳ್ತಾವ. ಕೋಣ್ಯಾಗ ಬಂದ್ ಮಾಡಿಬಿಡ್ರಿ" ಅಂದೆ. ಅವರಿಗೆ ಬಹಳ ಖುಷಿಯಾಯಿತು. ಚಹಾ ನಿಷೇಧದ ಆದೇಶ ಗೋಡೆಗೆ ಬಂತು. ನಿಜ ಹೇಳಬೇಕೆಂದರೆ ಇರುವೆಯ ಚಿಂತೆ ನನಗೇನೂ ಇರಲಿಲ್ಲ. ಉಸ್ತಾದರು ಹೋದ ಮೇಲೂ ಆಫೀಸಿನವರ ಚಹಾ ತರುವುದು ನನ್ನ ತಲೆಗೇ ಇತ್ತು, ದಿನಕ್ಕೆ ಆರು ಸಲ ರಸ್ತೆ ದಾಟುವುದು ನಿಂತಿತು.

ಆ ಬೇಸಿಗೆಯಲ್ಲಿ ಮೂರು ಯಂತ್ರಗಳಿಗೆ ನಾನೇ ಎಳೆ ಹಾಕಿ, ನಾನೇ ತಪಾಸಿಸಿ, 'ದೋಷವಿಲ್ಲ' ಎಂದು ಮುದ್ರೆ ಒತ್ತಿದೆ. ಬೇಸಿಗೆಯಿಡೀ ಒಂದೂ ದೂರು ಬರಲಿಲ್ಲ. ಜಂಬದಿಂದ ನನ್ನ ಕೊರಳು ಸ್ವಲ್ಪ ಉದ್ದವಾಗಿತ್ತು.

ಕಾರ್ತಿಕದ ಚಳಿ ಬಿದ್ದ ಮೇಲೆ ಶರಣಪ್ಪ ಆ ಮೂರರಲ್ಲೊಂದು ಯಂತ್ರ ಹೊತ್ತು ಬಂದ. ಕಾಲುವೆ ಇಲಾಖೆಯ ಹರೆಯದ ಇಂಜಿನಿಯರು, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಾಲುವೆಯ ಕೊನೆಯ ಕವಲು, ಅಂದರೆ ನೀರು ಎಲ್ಲರನ್ನೂ ದಾಟಿ ಕಡೆಗೆ ಮುಟ್ಟಬೇಕಾದ ಹಳ್ಳಿಯ ಮಟ್ಟ ತೆಗೆಯುವುದು ಅವನ ಕೆಲಸ.

"ಅಕ್ಕಾರ, ಈ ಯಂತ್ರ ಮುಂಜಾನಿ ಒಂದು ಹೇಳ್ತದ, ಮಧ್ಯಾಹ್ನ ಒಂದು ಹೇಳ್ತದ."

ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ಮುದ್ರೆ ಒತ್ತಿ ಕೊಟ್ಟೆ. ವಾರಕ್ಕೆ ಮತ್ತೆ ಬಂದ. ಮತ್ತೆ ಪರೀಕ್ಷೆ, ಮತ್ತೆ ಮುದ್ರೆ. "ತಮ್ಮಾ, ಮುಂಜಾನಿ ಹೊಟ್ಟಿಗೆ ಏನರೆ ಹಾಕ್ಕೊಂಡು ನೋಡು. ಹಸದ ಕಣ್ಣಿಗೆ ಎಲ್ಲಾ ಎರಡೆರಡು ಕಾಣ್ತಾವ" ಎಂದು ನಕ್ಕೆ. ಮೂರನೆಯ ಸಲ ಬಂದಾಗ ಅವನು ನಗಲಿಲ್ಲ. ಜೇಬಿನಿಂದ ಒಂದು ಕಾಗದ ತೆಗೆದ. ಯಂತ್ರಕ್ಕೆ ದೋಷವಿಲ್ಲ ಎಂದು ಸಂಶೋಧನಾ ಕೇಂದ್ರವೇ ಮುದ್ರೆ ಕೊಟ್ಟಿರುವುದರಿಂದ ದೋಷ ನೋಡುವವನದು. ವಾರದೊಳಗೆ ಸರಿಯಾದ ಮಟ್ಟ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದು ಎಂದು ಅದರಲ್ಲಿತ್ತು.

"ನಿಮ್ಮ ಮುದ್ರಿ ತೋರಿಸೇ ನನ್ನ ಕುತ್ತಿಗಿ ಹಿಡದಾರ್ರಿ ಅಕ್ಕಾರ" ಅಂದ. "ಕೆಲಸ ಹೋದರ ಹೋಗಲಿ. ನನ್ನ ತಪ್ಪು ಅಂಕಿ ಮ್ಯಾಲೆ ಕಾಲುವಿ ಕಡದರ ಆ ಊರಿಗೆ ನೀರು ಏರಂಗಿಲ್ಲ. ಒಂದು ಸಲ ಮುಂಜಾನಿ ಬಂದು ನಿಮ್ಮ ಕಣ್ಣಲೇ ನೋಡ್ರಿ. ಆಫೀಸು ತೆಗಿಯೂದು ಹನ್ನೊಂದಕ್ಕ, ಅಷ್ಟೊತ್ತಿಗೆ ಇದು ಶಾಣ್ಯಾ ಆಗಿರ್ತದ."

ಡೈರೆಕ್ಟರು ಗೊಣಗುತ್ತ ಒಪ್ಪಿಗೆ ಕೊಟ್ಟರು. ಮರುದಿನ ನಸುಕಿನಲ್ಲಿ ನಾನು ಕಾಲುವೆಯ ಏರಿಯ ಮೇಲೆ ಇದ್ದೆ. ಜೋಳದ ಎಲೆಯಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು, ಸೀರೆಯ ಅಂಚು ಒದ್ದೆಯಾಗಿತ್ತು. ಶರಣಪ್ಪ ಯಂತ್ರ ನಿಲ್ಲಿಸಿದ. ದುರ್ಬೀನಿಗೆ ಕಣ್ಣಿಟ್ಟೆ. ದೂರದಲ್ಲಿ ಪಟ್ಟಿ ಹಿಡಿದವನು ತಲೆಕೆಳಗಾಗಿ ನಿಂತಿದ್ದ. ಅವನ ಮುಂದೆ ಅಡ್ಡಕ್ಕೆ ಇದ್ದ ನನ್ನ ಗೆರೆ ನೇರವಾಗಿರಲಿಲ್ಲ. ನಡುವಿನಲ್ಲಿ ಜೋಲುಬಿದ್ದಿತ್ತು, ಬಟ್ಟೆ ಒಣಹಾಕಿದ ಹಗ್ಗದಂತೆ. ಹೊಸಬನ ಕಣ್ಣಿಗೆ ಕಾಣದಷ್ಟು ಸಣ್ಣ ಜೋಲು. ನಾನು ಹಾಕಿದ ಎಳೆ, ನನಗೆ ಕಾಣದೆ ಹೇಗಿರುತ್ತದೆ?

ನಾನು ಕಣ್ಣು ತೆಗೆಯಲಿಲ್ಲ. ಸೂರ್ಯ ಬೆಟ್ಟದ ಮೇಲೆ ಬಂದ. ಬೆನ್ನಿಗೆ ಬಿಸಿ ತಾಗಿತು, ಯಂತ್ರದ ಮೈಮೇಲಿನ ಇಬ್ಬನಿ ಆರಿತು. ನಾನು ನೋಡುತ್ತಿದ್ದ ಹಾಗೆಯೇ ಆ ಎಳೆ ಮೇಲೆದ್ದಿತು. ಯಾರೂ ಮುಟ್ಟಲಿಲ್ಲ, ಎಳೆಯಲಿಲ್ಲ. ಪಟ್ಟಿಯ ಮೇಲೆ ಒಂದು ಗೀರು, ಇನ್ನೊಂದು ಗೀರು ದಾಟುತ್ತ ಮೆಲ್ಲಗೆ ಬಿಗಿಯಾಗಿ ಕೊನೆಗೆ ಬಾಣದಂತೆ ನೇರವಾಗಿ ನಿಂತಿತು. ಗಾಳಿಯಲ್ಲಿನ ತೇವವನ್ನು ಕುಡಿದು ಜೋತು ಬೀಳುವುದು, ಬಿಸಿಲಿಗೆ ಸೆಟೆದು ನಿಲ್ಲುವುದು, ಹುಳದ ಹೊಟ್ಟೆ ಬಿಟ್ಟ ಮೇಲೂ ಅದಕ್ಕೆ ಹವೆ ತಿಳಿಯುತ್ತಿತ್ತು. ಹೆದರಿಕೆಯಾಯಿತು, ಆನಂದವೂ ಆಯಿತು. ಎಷ್ಟು ಹೊತ್ತು ಹಾಗೆ ಬಗ್ಗಿದ್ದೆನೋ, ಶರಣಪ್ಪ ಬಂದು, "ಅಕ್ಕಾರ, ಸೊಂಟ ಹಿಡೀತೇನ್ರಿ?" ಎಂದು ಕೇಳಿದ.

"ಹಿಡದಿದ್ದು ಸೊಂಟ ಅಲ್ಲೋ ತಮ್ಮಾ, ನನ್ನ ತಪ್ಪು" ಅಂದೆ. ಆದರೆ ತಪ್ಪು ಎಲ್ಲಿ ಮಾಡಿದೆ ಎಂಬುದು ನನಗಿನ್ನೂ ಗೊತ್ತಿರಲಿಲ್ಲ. ಉಸ್ತಾದರು ಹಾಕಿದ ಎಳೆಗಳು ಹತ್ತು ಮಳೆಗಾಲ ಕಂಡರೂ ಜೋಲು ಬಿದ್ದಿರಲಿಲ್ಲವಲ್ಲ.

ಅಲ್ಲಿಂದಲೇ ಬಸ್ಸು ಹತ್ತಿ ಸುರಪುರಕ್ಕೆ ಹೋದೆ. ಉಸ್ತಾದರು ಅಂಗಳದಲ್ಲಿ ಹೊರಸಿನ ಮೇಲೆ ಕೂತು ಯಾರದೋ ಗಡಿಯಾರ ಬಿಚ್ಚಿದ್ದರು. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಚಹಾ ಎಲ್ಲಿಟ್ಟಿದ್ದಿ?"

"ಕೋಣ್ಯಾಗ ಚಹಾ ಬಂದ್ ಆಗ್ಯದ್ರಿ ಉಸ್ತಾದ್."

"ಯಾರು ಮಾಡಿದ್ದು ಬಂದ್?"

ನಾನು ನೆಲ ನೋಡಿದೆ. ಅವರು ನಗಲು ಶುರು ಮಾಡಿದರು. ನಕ್ಕು ನಕ್ಕು ಕೆಮ್ಮು ಬಂತು. ಒಳಗಿನಿಂದ ಅವರ ಹೆಂಡತಿ ನೀರು ತಂದುಕೊಟ್ಟು ನನ್ನನ್ನು ದುರುಗುಟ್ಟಿ ನೋಡಿದರು.

"ಅರೇ ಪಾಗಲ್, ನಾ ಏನು ಚಹಾದ ಹಪಾಹಪಿಗೆ ಎಳಿ ಗ್ಲಾಸಿನ ಮ್ಯಾಲೆ ಹಿಡೀತಿದ್ನಾ? ಆ ಹಬಿ ಸಲುವಾಗಿ! ಹಬೀಗೆ ಎಳಿ ಮೆತ್ತಗಾಗಿ ಎಷ್ಟು ಜೋಲು ಬೀಳಬೇಕೋ ಅಷ್ಟು ಬೀಳ್ತದ. ಆಗ ಜಗ್ಗಿ ಬಿಗಿ ಮಾಡಿ ಅರಗು ಇಡಬೇಕು. ಒಣಗಿದ ಮ್ಯಾಲೆ ಮಳಿ ಬರಲಿ, ಇಬ್ಬನಿ ಬೀಳಲಿ, ಜಗ್ಗಂಗಿಲ್ಲ. ನನ್ನ ಉಸ್ತಾದ್ ಹಂಗೇ ಮಾಡ್ತಿದ್ದ, ನಾನೂ ಮಾಡಿದೆ."

"ಮತ್ತ ನನಗ್ಯಾಕ ಹೇಳಲಿಲ್ರಿ?"

"ನಾಕು ವರ್ಷ ಬಾಜೂಕ ಕುಂತಿದ್ದಿ. ಒಂದು ದಿನಾ ಕೇಳಿದ್ಯಾ?"

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಸಂಜೆಯ ಬಸ್ಸು ಹತ್ತಿದೆ.

ಮರುದಿನ ಡೈರೆಕ್ಟರಿಗೆ ಹೇಳಿದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು.

"ವಾತಾವರಣದ ತೇವಾಂಶದಿಂದ ಉಂಟಾದ ಸ್ವಾಭಾವಿಕ ದೋಷ ಅಂತ ಬರೆದುಬಿಡೋಣ. ಯಾರ ಹೆಸರೂ ಬೇಡ."

"ಹಂಗ ಬರದರ ಶರಣಪ್ಪಗ ಏನಾಗ್ತದ್ರಿ ಸರ್?"

"ದೋಷ ಗುರುತಿಸಲಿಲ್ಲ ಅಂತ ಕೇಳ್ತಾರೆ, ಇನ್ನೇನು."

"ಅಂವ ಮೂರು ಸಲ ಗುರುತಿಸಿ ಬಂದಾನ್ರಿ. ಎರಡು ಸಲ ನಾ ಮುದ್ರಿ ಒತ್ತಿ ಕಳಿಸೀನಿ."

"ನೀಲಮ್ಮ, ನಿಮ್ಮ ಕಾಯಂ ಫೈಲು ಇಲ್ಲೇ, ಈ ಮೇಜಿನ ಮೇಲಿದೆ. ತಿಳಿದು ಮಾತಾಡಿ."

ಆ ಫೈಲು ನನಗೂ ಕಾಣುತ್ತಿತ್ತು. ಮನೆಯಲ್ಲಿ ನನ್ನ ಸಂಬಳವೇ ಒಂದು ಆಧಾರ, ನಾನೇನೂ ಧೈರ್ಯದ ಹೆಂಗಸಲ್ಲ. ಆದರೆ ಬೆಳಗಿನ ಬಿಸಿಲಿಗೆ ಮೇಲೆದ್ದ ಆ ಎಳೆ ಕಣ್ಣ ಮುಂದೆಯೇ ಇತ್ತು. ಹುಳದ ನೂಲೇ ಇದ್ದದ್ದು ಇದ್ದಂತೆ ಹೇಳಿತ್ತು, ನಾನು ಸುಳ್ಳು ಹೇಳಲೇ? ಹೊರಗೆ ಹೋಗಿ ಕೂತು ಬರೆದೆ: ಮೂರು ಯಂತ್ರಗಳಿಗೆ ಒಣ ಎಳೆ ಹಾಕಿದ್ದು ನಾನು, ದೂರು ಬಂದ ಮೇಲೂ ಬಿಸಿಲೇರಿದ ಮೇಲಷ್ಟೇ ತಪಾಸಿಸಿ ಎರಡು ಸಲ ತಪ್ಪು ಮುದ್ರೆ ಒತ್ತಿದ್ದು ನಾನು, ಇಂಜಿನಿಯರು ಹೇಳಿದ್ದು ಮೊದಲಿನಿಂದಲೂ ನಿಜ. ಡೈರೆಕ್ಟರು ಎರಡು ಸಲ ಓದಿದರು. ಆಮೇಲೆ ಹಸಿರು ಶಾಯಿಯಲ್ಲಿ ಕೆಳಗೆ ಸೇರಿಸಿದರು: ಎಳೆ ಹಾಕುವ ಕ್ರಮ ತಿಳಿಯದೆ ಕೋಣೆಯಲ್ಲಿ ಚಹಾ ನಿಷೇಧಿಸಿದ ಆದೇಶ ನನ್ನದು. ಸಹಿ ಹಾಕಿದರು.

"ಸರ್, ಆ ಐಡಿಯಾ ನಂದೇ ಇತ್ತಲ್ರಿ."

"ಗೊತ್ತು. ಸಹಿ ನಂದು ತಾನೇ? ಹೋಗಿ, ಎಳೆ ಬದಲಾಯಿಸಿ."

ನನ್ನ ಕಾಯಂ ಫೈಲು ಮೇಲೆ ಹೋದದ್ದು ಒಂದು ವರ್ಷ ವಾಪಸು ಬರಲಿಲ್ಲ. ಶರಣಪ್ಪನ ನೋಟಿಸು ಮಾತ್ರ ಎಂಟು ದಿನಕ್ಕೆ ವಾಪಸಾಯಿತು. ನಾನು ಹಬೆ ಹಿಡಿದು ಮೂರೂ ಯಂತ್ರಕ್ಕೆ ಹೊಸ ಎಳೆ ಹಾಕಿದೆ. ಅವನು ಬೆಳಿಗ್ಗೆ, ಮಧ್ಯಾಹ್ನ ಎರಡೂ ಹೊತ್ತು ಮತ್ತೆ ಮಟ್ಟ ತೆಗೆದ. ಈ ಸಲ ಎರಡೂ ಹೊತ್ತಿನ ಅಂಕಿ ಒಂದೇ ಬಂತು. ಕೆಲವು ವರ್ಷಗಳ ಮೇಲೆ ಗಾಜಿನ ಮೇಲೆಯೇ ಗೆರೆ ಕೊರೆದ ಯಂತ್ರಗಳು ಬಂದವು, ಜೇಡಗಳಿಗೆ ಬಿಡುಗಡೆಯಾಯಿತು. ಒಳ್ಳೆಯದೇ. ಆದರೂ ರೇಣುಕಾ, ನಿನಗೆ ಕಲಿಸುವವರು ಕೆಲಸದ ನಡುವೆ ಮಾಡುವ ವಿಚಿತ್ರವನ್ನೆಲ್ಲ ಯಾಕೆ ಎಂದು ಕೇಳು. ಬೈದರೆ ಬೈಯಲಿ.

ಶರಣಪ್ಪ ಮತ್ತೆ ಮಟ್ಟ ತೆಗೆದ ಮರುವರ್ಷ ಆ ಕೊನೆಯ ಕವಲಿಗೆ ಮೊದಲ ಸಲ ನೀರು ಬಿಟ್ಟರು. ನಾನು ರಜೆ ಹಾಕಿ ಹೋದೆ. ಒಣಗಿದ ಕಾಲುವೆಯಲ್ಲಿ ನೀರು ನಡೆದು ಬರುವುದನ್ನು ಆವರೆಗೆ ನಾನು ನೋಡಿರಲಿಲ್ಲ. ಮುಂದೆ ಧೂಳಿನ ಕೆನೆ, ಕಸ, ನೊರೆ, ಅದರ ಹಿಂದೆ ನೀರು. ಮನುಷ್ಯ ನಡೆಯುವಷ್ಟೇ ನಿಧಾನ. ಊರಿನವರು ಅದರ ಮುಂದೆ ಹಿಮ್ಮುಖವಾಗಿ ನಡೆಯುತ್ತಿದ್ದರು. ಬಂಡೆ ಒಡೆದು ಕಾಲುವೆ ಕಡಿದಿದ್ದ ಜಾಗದಲ್ಲಿ, ನಮ್ಮ ಅಂಕಿ ಕೆಟ್ಟಿದ್ದ ಅದೇ ಜಾಗದಲ್ಲಿ, ನೀರು ನಿಂತುಬಿಟ್ಟಿತು.

ಶರಣಪ್ಪ ಅಂಚಿನ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಒಬ್ಬ ಮುದುಕ, "ಸಾಹೇಬ, ನೀರಿಗೆ ದಾರಿ ಮರತದೇನು?" ಎಂದು ಕೇಳಿದ. ನನಗೆ ನಿಲ್ಲಲಾಗಲಿಲ್ಲ. ಸೀರೆ ಎತ್ತಿಕೊಂಡು ಕಾಲುವೆಗೆ ಇಳಿದೆ. ನೀರು ನನ್ನ ಹವಾಯಿ ಚಪ್ಪಲಿಯ ಅಂಚಿಗೆ ಇತ್ತು. ನೋಡುತ್ತ ನಿಂತೆ. ಬೆರಳು ಮುಳುಗಿತು. ಪಾದ ಮುಳುಗಿತು. ನೀರು ನಿಂತಿರಲಿಲ್ಲ, ತುಂಬುತ್ತಿತ್ತು. ಕಾಲ್ಗಂಟಿಗೆ ಬರುವಷ್ಟರಲ್ಲಿ ಸೆಳೆತ ತಾಗಿತು. ಕೈಯಿಟ್ಟು ದೂಡಿದಂತೆ ಎಡಗಾಲಿನ ಚಪ್ಪಲಿ ಕಳಚಿ ಮೇಲೆ ತೇಲಿತು, ಒಂದು ಸುತ್ತು ತಿರುಗಿತು, ಬಂಡೆಯನ್ನು ದಾಟಿ ಮುಂದಕ್ಕೆ ಹೊರಟಿತು.

"ಅಕ್ಕಾರ, ಚಪ್ಪಲಿ! ಹಿಡೀರಿ!" ಎಂದು ಶರಣಪ್ಪ ಕೂಗಿದ.

"ಬಿಡೋ, ಹೋಗಲಿ ಬಿಡು!" ಎಂದು ನಾನೂ ಕೂಗಿದೆ. ಅವನು ಅಳುತ್ತಿದ್ದನೋ ನಗುತ್ತಿದ್ದನೋ ನನಗೆ ತಿಳಿಯಲಿಲ್ಲ, ನನ್ನ ಕಣ್ಣೂ ಆಗ ಸರಿ ಇರಲಿಲ್ಲ. ಜನರೆಲ್ಲ ಚಪ್ಪಲಿಯ ಜೊತೆ ಏರಿಯ ಮೇಲೆ ಓಡಿದರು. ಕೃಷ್ಣೆಯ ನೀರಿನ ಜೊತೆ ಆ ಊರಿಗೆ ಮೊದಲು ಮುಟ್ಟಿದ್ದು ನನ್ನ ಎಡಗಾಲಿನ ಚಪ್ಪಲಿ. ನಾನು ಬಲಗಾಲಿನದನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಿನಲ್ಲಿ ಬಸ್ಸು ಹತ್ತಿದೆ.